ಸಹಿಯ ಕೆಳಗಿನ ಗೆರೆ

ಫ್ಯಾನಿನ ಗಾಳಿಗೆ ಕಾಗದದ ಮೂಲೆ ಏಳುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ, ವಿಧಾನಸಭೆಯಲ್ಲಿ ಹಿಂದಿನ ಸಾಲಿನವರು ಮಾತಿಗೆ ಅವಕಾಶ ಸಿಗದೆ ಎದ್ದು ಕೂತ ಹಾಗೆ, ಪಾಪ, ಏಳು ಸಲ ಗೆದ್ದವನು ನಾನು, ನಾನು ಎದ್ದರೆ ಸಭಾಧ್ಯಕ್ಷರೇ ಕನ್ನಡಕ ಸರಿಮಾಡಿಕೊಳ್ಳುತ್ತಾರೆ — ಎದುರಿಗೆ ಅಕ್ಕ, ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ, ಒರಗಿ ಕೂರುವುದು ಅವಳಿಗೆ ಗೊತ್ತೇ ಇಲ್ಲ, ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಾಗಿ ಬೆನ್ನು ಹಾಗೇ ನಿಂತುಬಿಟ್ಟಿದೆ, ಪಕ್ಕದಲ್ಲಿ ಅವಳ ಮಗ, ನನ್ನ ಸೋದರಳಿಯ, ಹದಿನೈದು ವರ್ಷದಿಂದ ನನ್ನ ಕ್ಷೇತ್ರ ಸುತ್ತಿದವನು, ಯಾರ ಮನೆಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂತ ನನಗಿಂತ ಚೆನ್ನಾಗಿ ಬಲ್ಲವನು, ಈ ಸಲ ತಾನೇ ನಿಲ್ಲುವ ಆಸೆ ಅವನಿಗೆ, ಪಕ್ಷದ ಅಧ್ಯಕ್ಷರಿಗೆ ನಾನೊಂದು ಪತ್ರ ಬರೆದರೆ ಟಿಕೆಟ್, ಇವತ್ತೇ ಕಡೆಯ ದಿನ, ಮಾವ ನಿಮ್ಮದೊಂದು ಸಹಿ ಬಿದ್ರೆ ಸಾಕು, ಸಾಕಪ್ಪಾ ಸಾಕು, ನನ್ನ ಸಹಿ ಕಂಡರೆ ಬೀಗ ಹಾಕಿದ ಕಚೇರಿಯೂ ತೆರೆಯುತ್ತದೆ, ಆದರೆ ಯಾವ ಸಹಿ ಅಂತ ಒಬ್ಬನಾದರೂ ಕೇಳಬೇಕಿತ್ತಲ್ಲ, ಈ ಬಾಗಿಲಿಗೆ ಬಂದವರು ಯಾರೂ ಕೇಳಿಲ್ಲ.

ಮೊದಲ ಸಲ ಗೆದ್ದ ತಿಂಗಳೇ ಕಲಿತ ವಿದ್ಯೆ ಇದು, ಬಂದವರಿಗೆ ಇಲ್ಲ ಅನ್ನಬಾರದು, ಇಲ್ಲ ಅಂದವನು ಮುಂದಿನ ಸಲ ಇರುವುದಿಲ್ಲ, ಎಲ್ಲರಿಗೂ ಪತ್ರ, ಎಲ್ಲ ಪತ್ರಕ್ಕೂ ಸಹಿ, ಸಹಿಯ ಕೆಳಗೆ ಎರಡು ಗೆರೆ ಇದ್ದರೆ ಕೆಲಸ ಮಾಡಿಕೊಡಿ, ಒಂದೇ ಇದ್ದರೆ ಕೂರಿಸಿ, ಕುಡಿಯಲು ನೀರು ಕೊಡಿ, ನೋಡೋಣ ಅಂತ ಹೇಳಿ ಕಳಿಸಿ, ಅಧಿಕಾರಿಗಳಿಗೆ ಗೊತ್ತು, ಅಧ್ಯಕ್ಷರಿಗೆ ಗೊತ್ತು, ಗೊತ್ತಿರಬೇಕಾದವರಿಗೆಲ್ಲ ಗೊತ್ತು, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ, ಮೂವತ್ತೈದು ವರ್ಷ ಈ ಒಂದು ಗೆರೆಯ ಮೇಲೆ ನಡೆದುಬಂದಿದ್ದೇನೆ, ಇವನಿಗೂ ಅದೇ, ಎಂಟನೇ ಸಲವೂ ನಿಲ್ಲುವವನು ನಾನೇ, ಮಂಡಿ ನೋಯುತ್ತದೆ ನಿಜ, ಆದರೆ ಚುನಾವಣೆ ಗೆಲ್ಲುವುದು ಮಂಡಿಯಿಂದಲ್ಲ, ಇವನು ಇನ್ನೈದು ವರ್ಷ ಸುತ್ತಲಿ, ಕಾಲು ಗಟ್ಟಿಯಿದೆ, ಪತ್ರ ನೋಡಿ ಅಕ್ಕನ ಕಣ್ಣು ತುಂಬುತ್ತದೆ, ಗೆರೆ ನೋಡಿ ಅಧ್ಯಕ್ಷರು ಅದನ್ನು ಡ್ರಾಯರಿಗೆ ಹಾಕುತ್ತಾರೆ, ಮೇಲಿನವರು ಒಪ್ಪಲಿಲ್ಲ ಅಕ್ಕಾ ಅಂತ ನಾನೂ ನಾಲ್ಕು ದಿನ ಮುಖ ಸಪ್ಪಗೆ ಮಾಡಿಕೊಂಡರಾಯಿತು — ಪೆನ್ನು ಎಲ್ಲಿ, ಅವಳೇ ಎತ್ತಿಕೊಡುತ್ತಾಳೆ, ತೋರುಬೆರಳಿನ ತುದಿ ಇನ್ನೂ ಒರಟು, ಸೂಜಿ ಚುಚ್ಚಿ ಚುಚ್ಚಿ ಕಪ್ಪಾದದ್ದು, ನನ್ನ ಮೊದಲ ಚುನಾವಣೆಗೆ ಮುನ್ನೂರು ಬಾವುಟ ಹೊಲಿದ ಬೆರಳು, ಗಿರಾಕಿಗಳ ಬಟ್ಟೆಯೆಲ್ಲ ಬದಿಗಿಟ್ಟು ಹೊಲಿದಳು, ರಕ್ತ ಬಂತಲ್ಲ ಅಕ್ಕಾ ಅಂದರೆ ಬಾವುಟದ ಬಣ್ಣದ ಮೇಲೆ ಕಾಣಲ್ಲ ಬಿಡೋ ಅಂದಳು, ಅದೇ ಬೆರಳಲ್ಲವೇ ಅವತ್ತು ನನ್ನ ಕಾರಿನ ಗಾಜು ತಟ್ಟಿದ್ದು, ಭಾವನಿಗೆ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಬೇಕಿತ್ತು, ಸಭೆಗೆ ಹೊತ್ತಾಗಿತ್ತು, ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದೆ, ದಿನಕ್ಕೆ ಐವತ್ತು ಪತ್ರಕ್ಕೆ ಒಂದೇ ಗೆರೆ ಎಳೆದ ಕೈ, ಅಭ್ಯಾಸಬಲ, ಒಂದೇ ಎಳೆಯಿತು, ಕಾರು ತಿರುವು ದಾಟಿದ ಮೇಲೆ ನೆನಪಾಯಿತು, ಸಂಜೆ ಫೋನ್ ಮಾಡಿದರಾಯಿತು ಅಂದುಕೊಂಡೆ, ಸಂಜೆ ಇನ್ನೇನೋ ಬಂತು, ಒಂಬತ್ತು ದಿನ ಭಾವ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ, ಹತ್ತನೆಯ ದಿನ ಇಲ್ಲ, ಅಕ್ಕ ಅತ್ತಳು, ನೀನೇನು ಮಾಡ್ತೀಯೋ ತಮ್ಮಾ ನಿನ್ನ ಕೆಲಸ ನೀನು ಮಾಡಿದೆ ಅಂದಳು, ಎಷ್ಟು ಹಗುರವಾಯಿತು ಆಗ, ಅಕ್ಕನಿಗೆ ತಿಳಿದಿಲ್ಲ ಅಂತ ನಿಜವಾಗಿ ಖುಷಿಪಟ್ಟೆ, ನಾಚಿಕೆಯೂ ಆಯಿತು, ಆದರೆ ಖುಷಿಯೇ ಹೆಚ್ಚು.

ಇರಲಿ, ಮುಗಿದುಹೋದದ್ದು, ಸಹಿ ಹಾಕುತ್ತೇನೆ, ದೊಡ್ಡದಾಗಿ, ಅದರ ಕೆಳಗೆ ಗೆರೆ, ನೇರ, ಈ ವಯಸ್ಸಿನಲ್ಲೂ ಕೈ ನಡುಗುವುದಿಲ್ಲ ನೋಡಿ, ತಗೋ ಅಕ್ಕಾ ನಿನ್ನ ಮಗ ಗೆದ್ದ ಹಾಗೇ, ಅಳಿಯ ಕಾಲಿಗೆ ಬೀಳಲು ಬಾಗುತ್ತಾನೆ, ಅಕ್ಕ ಅವನ ತೋಳು ಹಿಡಿದು ನಿಲ್ಲಿಸುತ್ತಾಳೆ, ತಡಿ, ಪತ್ರವನ್ನು ತಿರುಗಿಸಿ ಮತ್ತೆ ನನ್ನ ಮುಂದೆಯೇ ಇಡುತ್ತಾಳೆ, ಏಳುತ್ತಿದ್ದ ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾಳೆ, ಇನ್ನೊಂದು ಗೆರೆ ಎಳಿಯೋ ತಮ್ಮಾ, ಜೋರಾಗಿ ಅಲ್ಲ, ಅಂಗಿಯ ಗುಂಡಿ ಬಿಚ್ಚಿಕೊಂಡಿದೆ ನೋಡು ಅನ್ನುವ ಹಾಗೆ, ಆಸ್ಪತ್ರೆ ಗುಮಾಸ್ತ ಅವತ್ತೇ ಹೇಳಿದ್ದ, ಒಂದೇ ಗೆರೆ ಇದೆಯಲ್ಲಮ್ಮಾ, ಎರಡಿರಬೇಕಿತ್ತು ಅಂತ — ಅವತ್ತೇ, ಅಂದರೆ ಹನ್ನೆರಡು ವರ್ಷ, ಹನ್ನೆರಡು ವರ್ಷ ನನಗೆ ಊಟ ಬಡಿಸಿದ್ದಾಳೆ, ಎರಡು ಚುನಾವಣೆಯಲ್ಲಿ ಸಾಲಿನಲ್ಲಿ ಮೊದಲು ನಿಂತು ವೋಟು ಹಾಕಿದ್ದಾಳೆ, ಗೊತ್ತಿದ್ದೂ, ಪೆನ್ನು ಕೈಯಲ್ಲೇ ಇದೆ, ಎಳೆದರೆ ಕುರ್ಚಿ ಹೋಯಿತು, ಎಳೆಯದಿದ್ದರೆ, ಎಳೆಯದಿದ್ದರೆ ಆ ಬೆಂಚು, ಭಾವ, ಸಹಿ, ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಖಾಲಿ ಕಾಗದ, ಆ ಖಾಲಿಯ ಮೇಲೆ ಅವಳ ಬೆರಳು, ಸೂಜಿ ಚುಚ್ಚಿದ ಬೆರಳು, ಅಲ್ಲೇ ಇದೆ, ತೆಗೆಯುತ್ತಿಲ್ಲ, ಬೆರಳು