ಬೆಳಕಿಗೆ ಹಿಡಿದ ತೋಳು

ಎದುರು ಬೆಂಚಿನ ಹೆಂಗಸು ಅಂಗಿಯ ತೋಳನ್ನು ಮತ್ತೆ ಬೆರಳ ತುದಿಯವರೆಗೆ ಎಳೆದುಕೊಂಡಳು, ಇದು ಮೂರನೇ ಸಲ, ಮುಖಕ್ಕೆ ಬಟ್ಟೆ ಬೇರೆ ಸುತ್ತಿಕೊಂಡಿದ್ದಾಳೆ, ಹೊರಗಿರುವುದು ಕಣ್ಣು ಮಾತ್ರ, ಆ ಕಣ್ಣು ಇಷ್ಟು ಹೊತ್ತೂ ನನ್ನ ಕೈ ಮೇಲೇ ಇತ್ತು, ನಾನು ನೋಡಿದ ಕೂಡಲೇ ಗೋಡೆಯ ಕಡೆ ಹೊರಳಿತು — ಚರ್ಮದ ಡಾಕ್ಟರ ಬಾಗಿಲಲ್ಲಿ ಕೂತು ನನ್ನ ಚರ್ಮ ನೋಡುತ್ತಾಳಲ್ಲ, ಇವಳೇನು ಗಾಳಿ ಸೇವನೆಗೆ ಬಂದಿದ್ದಾಳೆಯೇ, ಇವಳಿಗೂ ಏನೋ ಇದೆ, ಇಲ್ಲದಿದ್ದರೆ ತೋಳು ಯಾಕೆ ಎಳೆದುಕೊಳ್ಳುತ್ತಾಳೆ. ನಾನು ನನ್ನ ಕೈಗಳನ್ನು ಚೀಲದ ಕೆಳಗೆ ತೂರಿಸಿಕೊಂಡೆ. ಪಕ್ಕದಲ್ಲಿ ಅಮ್ಮ. ಅಮ್ಮ ಏನನ್ನೂ ಮುಚ್ಚಿಕೊಂಡಿಲ್ಲ, ಗಿಡ್ಡ ತೋಳಿನ ಅಂಗಿ, ಎರಡೂ ಬರಿಗೈ ತೊಡೆಯ ಮೇಲೆ, ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿದೆ. ಈ ಅಂಗಿಗೆ ಮೊದಲು ಉದ್ದ ತೋಳಿತ್ತು, ನನಗೆ ಗೊತ್ತು, ಕತ್ತರಿಸಿದ ಅಂಚನ್ನು ಅಮ್ಮನೇ ಮಡಚಿ ಕೈಹೊಲಿಗೆ ಹಾಕಿದ್ದಾಳೆ, ಇದೊಂದಕ್ಕೇ ಅಲ್ಲ, ಇರುವ ಎಲ್ಲ ಅಂಗಿಗೂ. ಯಾಕೆ ಕತ್ತರಿಸಿದೆ ಅಂತ ನಾನು ಕೇಳಿಲ್ಲ, ಕೇಳಿದರೆ ಹೇಳಿಬಿಟ್ಟಾಳು.

ಅನುಮಾನವೇ ನನ್ನ ಹೊಟ್ಟೆಪಾಡು, ಹನ್ನೊಂದು ವರ್ಷದಿಂದ ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿದ್ದೇನೆ, ವಾಪಸು ಬಂದ ಖಾಲಿ ಬಾಟಲಿಗಳನ್ನು ತೊಳೆದು ಒಂದೊಂದನ್ನೂ ಟ್ಯೂಬ್‌ಲೈಟಿನ ಮುಂದೆ ಹಿಡಿದು ತಿರುಗಿಸಿ ನೋಡಬೇಕು, ಕೊಳೆ ಇದೆಯಾ ಅಂತ ನೋಡ್ಬೇಡ, ಇದ್ದೇ ಇದೆ, ಎಲ್ಲಿದೆ ಅಂತ ನೋಡು, ಮೊದಲ ದಿನವೇ ಸೂಪರ್‌ವೈಸರ್ ಹೇಳಿಕೊಟ್ಟ ಪಾಠ, ಆಮೇಲೆ ಮನುಷ್ಯರನ್ನೂ ಹಾಗೆಯೇ ನೋಡಲು ಕಲಿತೆ. ಹೋದ ವರ್ಷ ಬೆರಳಿನ ಗೆಣ್ಣಿನ ಮೇಲೆ ಕಂಡ ಎಳ್ಳಿನಷ್ಟು ಬಿಳಿಯನ್ನು ಸೋಪಿನ ನೊರೆ ಅಂದುಕೊಂಡು ಉಜ್ಜಿದ್ದೆ, ಹೋಗಲಿಲ್ಲ, ಎಳ್ಳು ಕಡಲೆಯಾಯಿತು, ಕಡಲೆ ನಾಣ್ಯವಾಯಿತು, ನಾಣ್ಯಗಳು ಒಂದಕ್ಕೊಂದು ಕೂಡಿಕೊಂಡವು. ಗಂಡ ಏನೂ ಅನ್ನಲಿಲ್ಲ, ಅದಕ್ಕೇ ಅವನ ಮೇಲೆ ಅನುಮಾನ, ಏನೂ ಅನ್ನದವನು ಒಳಗೆ ಏನೋ ಅಂದುಕೊಳ್ಳುತ್ತಿರಬೇಕಲ್ಲ. ಆರು ವರ್ಷ ಪಕ್ಕದಲ್ಲೇ ನಿಂತು ಬಾಟಲಿ ತೊಳೆದ ಗುಬ್ಬಿ, ನನ್ನ ಡಬ್ಬಿಗೆ ಕೈಹಾಕಿ ತಿನ್ನುತ್ತಿದ್ದವಳು, ಒಂದು ದಿನದಿಂದ ಡಬ್ಬಿ ಎತ್ತಿಕೊಂಡು ಸಾಮಾನು ಕೋಣೆಯ ಹಿಂದೆ ಹೋಗಿ ಒಬ್ಬಳೇ ಉಣ್ಣತೊಡಗಿದಳು, ಅಸಹ್ಯ ಬಂತಲ್ಲವೇ ತಾಯೀ, ಇರಲಿ, ನಾನೂ ಮಾತು ಬಿಟ್ಟೆ. ಅತ್ತೆ ಮಾತ್ರ ಕೇಳಿದರು, ಮೆಲ್ಲಗೇ ಕೇಳಿದರು, ನಿಮ್ಮ ಕಡೇಲಿ ಯಾರಿಗಾದ್ರೂ ಇತ್ತೇನಮ್ಮ ಅಂತ, ಕೇಳಿದ್ದು ಅಷ್ಟೇ, ಆದರೆ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಬೆರಳುಗಳನ್ನು ನೇವರಿಸುತ್ತಾ ಕೇಳಿದರು, ನಾನು ಅವಳನ್ನು ಅವರ ತೊಡೆಯಿಂದ ಎತ್ತಿಕೊಂಡೆ — ನನ್ನಿಂದ ಮಗಳಿಗೆ, ಹಾಗಾದರೆ ನನಗೆ ಯಾರಿಂದ.

ಉದ್ದ ತೋಳು. ಆಗಲೇ ಹೊಳೆದದ್ದು. ಬೇಸಿಗೆಯಲ್ಲೂ ಅಮ್ಮನಿಗೆ ಮಣಿಕಟ್ಟಿನವರೆಗೆ ತೋಳು ಬೇಕು, ಚಿಕ್ಕವಳಿದ್ದಾಗ ಯಾಕಮ್ಮಾ ಅಂತ ಕೇಳಿದರೆ ನಂಗೆ ಚಳಿ ಕಣೆ ಅನ್ನುತ್ತಿದ್ದಳು, ಊರಿಗೆಲ್ಲ ಬೆವರು ಕಿತ್ತುಕೊಂಡು ಬರುವಾಗ ಇವಳೊಬ್ಬಳಿಗೆ ಎಲ್ಲಿಯ ಚಳಿ, ಮೂವತ್ತು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ದಾಳೆ, ಮುಚ್ಚಿಟ್ಟು ನನ್ನ ಮದುವೆ ಮಾಡಿದ್ದಾಳೆ. ಅಮ್ಮ ಮೊಮ್ಮಗಳನ್ನು ನೋಡಲು ಬಂದ ದಿನ ನಾನು ಕೂರಲೂ ಬಿಡಲಿಲ್ಲ, ಅತ್ತೆಯ ಎದುರಿಗೇ, ತೋಳು ಮೇಲೆ ಮಾಡು ಅಂದೆ. ಅಮ್ಮನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಬೇಡ ಬಿಡಮ್ಮ, ಹೆತ್ತೋರು ಅವ್ರು ಅಂತ ಅತ್ತೆಯೇ ಮುಖ ತಿರುಗಿಸಿಕೊಂಡರು, ನಾನು ಬಿಡಲಿಲ್ಲ, ಗುಂಡಿ ನಾನೇ ಬಿಚ್ಚಿ, ತೋಳನ್ನು ಭುಜದವರೆಗೆ ಸರಿಸಿ, ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ ಬೆಳಕಿಗೆ ಹಿಡಿದೆ, ತಿರುಗಿಸಿದೆ, ಒಳಬದಿ, ಹೊರಬದಿ, ಕಂಕುಳು, ಅಮ್ಮನ ತೋಳು ನನ್ನ ಕೈಯಲ್ಲಿ ಬಾಟಲಿಯಷ್ಟೇ ಹಗುರ. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ನನಗೆ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು, ಬೆನ್ನಿನಲ್ಲಿರಬಹುದು, ಕಾಲಿನಲ್ಲಿರಬಹುದು, ಬಚ್ಚಿಡುವವರಿಗೆ ಜಾಗಕ್ಕೇನು ಬರ. ಇನ್ನು ಬರಬೇಡ ಅಂದೆ. ಐದು ತಿಂಗಳು ಬರಲಿಲ್ಲ. ಹೋದ ವಾರ ಡಾಕ್ಟರು ತಾಯಿಯನ್ನೂ ಒಮ್ಮೆ ಕರ್ಕೊಂಡ್ಬನ್ನಿ ಅಂದದ್ದಕ್ಕೆ ಫೋನು ಮಾಡಿದೆ, ಎಷ್ಟು ಗಂಟೆಗೆ ಅಂತ ಮಾತ್ರ ಕೇಳಿದಳು.

ನಂಬರು ಕೂಗಿದರು. ಒಳಗೆ ಪರದೆ ಎಳೆದು ದೀಪ ಆರಿಸಿ, ಡಾಕ್ಟರು ನೇರಳೆ ಬೆಳಕಿನ ಒಂದು ಸಣ್ಣ ದೀಪ ಹಿಡಿದರು, ನನ್ನ ಕೈಗಳು ಕತ್ತಲಲ್ಲಿ ಸುಣ್ಣದ ಹಾಗೆ ಹೊಳೆದವು, ಅಮ್ಮನ ಕಡೆ ದೀಪ ತಿರುಗಿದಾಗ ನಾನು ಉಸಿರು ಬಿಗಿಹಿಡಿದೆ, ಸಿಗಲಿ ಅಂತಲೋ ಸಿಗದಿರಲಿ ಅಂತಲೋ ನನಗೇ ಗೊತ್ತಿಲ್ಲ — ತೋಳು, ಕತ್ತು, ಬೆನ್ನು, ಕಾಲು, ಎಲ್ಲಾ ಕತ್ತಲು, ಒಂದು ಚುಕ್ಕೆಯೂ ಹೊಳೆಯಲಿಲ್ಲ. ಇವ್ರಿಗೆ ಇದ್ದಿದ್ರೂ ತಪ್ಪೇನಿಲ್ಲಮ್ಮ, ಇದು ಅಂಟೋದೂ ಅಲ್ಲ, ಪಾಪದ್ದೂ ಅಲ್ಲ, ಬಣ್ಣ ಮಾಡೋ ಕಣಗಳು ಸತ್ತಾಗ ಹೀಗಾಗತ್ತೆ ಅಷ್ಟೇ, ಅಂದರು ಡಾಕ್ಟರು, ಎಲ್ಲರಿಗೂ ಹೇಳುವ ಸಮಾಧಾನ ಇದು ಅಂದುಕೊಂಡೆ. ಆಮೇಲೆ ನನ್ನ ಎರಡೂ ಕೈ ಜೋಡಿಸಿ ಹಿಡಿದರು, ಬಿಳಿ ಗೆರೆ ಎಳೆದ ಹಾಗೆ ನಿಂತಿದೆಯಲ್ಲ, ಎರಡೂ ಕಡೆ ಒಂದೇ ಎತ್ತರಕ್ಕೆ, ಕೈಗೆ ಏನು ಹಾಕ್ಕೋತೀರಿ ನೀವು? ನೋಡಿದೆ. ಮೊಳಕೈಯಿಂದ ನಾಲ್ಕು ಬೆರಳು ಕೆಳಗೆ ನೇರವಾದ ಗೆರೆ. ಗ್ಲೌಸು. ಹಳದಿಯವು ನಿಂತು ಕಪ್ಪು ರಬ್ಬರಿನವು ಬಂದದ್ದು ಹೋದ ವರ್ಷ, ಗಟ್ಟಿ ಮಾಲು, ಹರಿಯಲ್ಲ, ಅಂದಿದ್ದ ಸೂಪರ್‌ವೈಸರ್, ದಿನಕ್ಕೆ ಎಂಟು ಗಂಟೆ, ಒಳಗೆಲ್ಲ ಬೆವರು, ಅಂಚು ಬಿಗಿಯುವುದು ಸರಿಯಾಗಿ ಅಲ್ಲೇ. ಕೆಲವು ರಬ್ಬರಿಗೆ ಬೆರೆಸೋ ರಾಸಾಯನಿಕದಿಂದ ಹೀಗಾಗೋದುಂಟು, ಪರೀಕ್ಷೆ ಮಾಡಿ ನೋಡೋಣ, ಅಲ್ಲಿವರೆಗೂ ಅದನ್ನ ಮುಟ್ಬೇಡಿ, ಜೊತೇಲಿ ಕೆಲಸ ಮಾಡೋರಿಗೆ ಇದೆಯಾ? ಇಲ್ಲ ಅಂದೆ. ಬಾಟಲಿಯ ಕೊಳೆ ಹುಡುಕುವವಳು, ದಿನಾ ಕೈಗೆ ತೊಟ್ಟದ್ದನ್ನು ಒಮ್ಮೆಯೂ ಬೆಳಕಿಗೆ ಹಿಡಿದು ನೋಡಲಿಲ್ಲ.

ಹೊರಗೆ ಬಂದರೆ ಎದುರು ಬೆಂಚಿನವಳು ಎದ್ದು ನಿಂತಿದ್ದಾಳೆ, ಮುಂದಿನ ನಂಬರು ಅವಳದು, ಮುಖದ ಬಟ್ಟೆ ಸರಿಸಿದಳು — ಗುಬ್ಬಿ. ನಾನು ಅವಳ ತೋಳು ಹಿಡಿದು ಮೇಲೆ ಸರಿಸಿದೆ, ಅವಳು ಬಿಡಿಸಿಕೊಳ್ಳಲಿಲ್ಲ, ಬಿಳಿ, ಅದೇ ಬಿಳಿ, ಮೊಳಕೈಯಿಂದ ನಾಲ್ಕು ಬೆರಳು ಕೆಳಗೆ ಅದೇ ಗೆರೆ. ನನ್ನಿಂದ ನಿಂಗೆ ಅಂಟ್ತು ಅಂದ್ಕೊಂಡೆ ಕಣೆ, ಅದಕ್ಕೇ ಬೇರೆ ಕೂತು ಉಂಡೆ, ಅಂದಳು. ಗ್ಲೌಸು ಕಣೆ, ಒಳಗೆ ಹೋಗಿ ಗ್ಲೌಸು ಅಂತ ಹೇಳು, ಅಂದೆ, ಅವಳು ಹೋದಳು, ನಾಳೆ ಇಬ್ಬರೂ ಆ ಕಪ್ಪು ಜೋಡಿಗಳನ್ನು ಸೂಪರ್‌ವೈಸರ್ ಮೇಜಿನ ಮೇಲೆ ಎಸೆಯಬೇಕು, ಅವನಿಗೆ ಮೊದಲೇ ಗೊತ್ತಿತ್ತೋ ಏನೋ, ಅವನು ಕೈಗೆ ಏನೂ ತೊಡುವುದಿಲ್ಲ, ನೋಡಿದ್ದೇನೆ, ಅದೆಲ್ಲ ನಾಳೆಗೆ, ಈಗ ಅಮ್ಮ, ಅಮ್ಮ ಅದೇ ಬೆಂಚಿನಲ್ಲಿ ಅದೇ ಫ್ಯಾನಿನ ಕೆಳಗೆ ಮತ್ತೆ ಕೂತಿದ್ದಾಳೆ, ನೀನು ಔಷಧಿ ತಗೊಂಡು ಬಾ, ಇಲ್ಲೇ ಇರ್ತೀನಿ ಅನ್ನುವ ಹಾಗೆ, ಪಕ್ಕದಲ್ಲಿ ಕೂತೆ, ತಪ್ಪಾಯಿತು ಅನ್ನಬೇಕು, ಅನ್ನುವ ಬದಲು ಚೀಲದಲ್ಲಿದ್ದ ನನ್ನ ಶಾಲು ತೆಗೆದು ಹೊದಿಸಲು ಹೋದೆ, ಅಮ್ಮ ಮೆಲ್ಲಗೆ ಸರಿಸಿದಳು, ಬೇಡ, ಇರ್ಲಿ ಬಿಡು, ನೋಡೋರು ನೋಡ್ಲಿ. ಇಡೀ ಕೋಣೆಯಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದಾರೆ, ಕೈಹೊಲಿಗೆಯ ಅಂಚು, ಅದರ ಕೆಳಗೆ ಅಮ್ಮನ ತೋಳು, ಕಿಟಕಿಯ ಬೆಳಕು ನೇರ ಅದರ ಮೇಲೆ, ನಾನು ಹುಡುಕುತ್ತಿಲ್ಲ, ಹುಡುಕದೆಯೇ ಕಾಣುತ್ತಿದೆ, ಭುಜದಿಂದ ಮಣಿಕಟ್ಟಿನವರೆಗೆ ಒಂದೊಂದು ರೋಮವೂ ನಿಮಿರಿದೆ, ಚಳಿಗೆ, ಚಳಿಗೇ, ಮುಳ್ಳೆದ್ದ ಅಮ್ಮನ ತೋಳು.