ಅಣ್ಣ ಮುಟ್ಟಿದ ಸೈಕಲ್ಲು

ವ್ಯಾನಿನಲ್ಲಿ ಕೂತು ಬೆಟ್ಟ ಹತ್ತುವುದು ಎಷ್ಟು ಸುಖ ಎಂದು ಯಾರಾದರೂ ಬಾಯಿಬಿಟ್ಟಿದ್ದರೆ ಆ ಹುಡುಗಿ ಅವರನ್ನು ಅಲ್ಲೇ ಇಳಿಸಿಬಿಡುತ್ತಿದ್ದಳು. ಕಿಟಕಿಯಾಚೆ ಕೆಳಗೆ ಸಮುದ್ರ. ಮುಂದೆ ಏದುಸಿರು ಬಿಡುತ್ತ ಪೆಡಲ್ ತುಳಿಯುತ್ತಿರುವ ಜೊತೆಗಾರರು. ಹಿಂದೆ ಗುಡಾರ, ಒಲೆ, ಪಾತ್ರೆಗಳ ನಡುವೆ ಅವಳ ಸೈಕಲ್ಲು ಅಡ್ಡಬಿದ್ದಿತ್ತು.

ವ್ಯಾನು ಓಡಿಸುತ್ತಿದ್ದವನು ಅವಳ ಸ್ವಂತ ಅಣ್ಣ. ಹಗಲೆಲ್ಲ ಕಡಲ ದಂಡೆಗುಂಟ ಸೈಕಲ್ ಹೊಡೆದು ಸಂಜೆ ಗುಡಾರ ಹಾಕಿ ಮಲಗುವ ಈ ಹುಡುಗ ಹುಡುಗಿಯರ ಪ್ರವಾಸಕ್ಕೆ ಅವನೇ ಡ್ರೈವರು, ಅವನೇ ಮೆಕ್ಯಾನಿಕ್ಕು. ಸಂಜೆ ತಂಡ ಬಂದಿಳಿದ ಕೂಡಲೇ ಒಂದೊಂದೇ ಸೈಕಲ್ಲಿನ ಉಪ್ಪು, ಮರಳು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕು ಅದುಮಿ ನೋಡುತ್ತಿದ್ದ. ಅಷ್ಟು ಹೊತ್ತೂ ಸವಾರರೇ ಹ್ಯಾಂಡಲ್ ಹಿಡಿದು ನಿಲ್ಲಬೇಕು. ತಮ್ಮ ಸೈಕಲ್ಲಿಗೆ ಏನಾಗಿದೆ ಎಂದು ತಾವೇ ಕಣ್ಣಾರೆ ನೋಡಲಿ ಎಂಬುದು ಅವನ ಕ್ರಮ. ಒಳ್ಳೆಯ ಕ್ರಮವೇ, ಇಲ್ಲವೆನ್ನಲು ನಾನ್ಯಾರು.

ಕಳೆದ ವರ್ಷ ಒಂದು ಇಳಿಜಾರಿನಲ್ಲಿ ಮುಗ್ಗರಿಸಿ ಇವಳು ಹೆಗಲ ಎಲುಬು ಮುರಿದುಕೊಂಡಿದ್ದಳು. ಆಮೇಲೆ ಇಳಿಜಾರು ಕಂಡರೆ ಸಾಕು, ಬೆರಳುಗಳು ಮರಗಟ್ಟುತ್ತಿದ್ದವು. ಮನೆಯ ಹತ್ತಿರದ ಸಣ್ಣ ದಿಬ್ಬದಿಂದ ಶುರುಮಾಡಿ, ಹಠಕ್ಕೆ ಬಿದ್ದು, ವರ್ಷವಿಡೀ ಆ ಭಯವನ್ನು ಬಿಡಿಸಿಕೊಂಡಿದ್ದಳು. ಈ ಬೆಟ್ಟದ ನೆತ್ತಿಯಿಂದ ಸಮುದ್ರದವರೆಗೆ ಒಂದೇ ಉಸಿರಿಗೆ ಇಳಿಯುವ ರಸ್ತೆಯಿದೆಯಲ್ಲ, ಅದಕ್ಕಾಗಿಯೇ ಅವಳು ಬಂದದ್ದು. ಅದೊಂದನ್ನು ಇಳಿದರೆ ತಾನು ಮತ್ತೆ ಹಳೆಯವಳಾಗುತ್ತೇನೆ ಎಂದು ನಂಬಿದ್ದಳು. ಅಮ್ಮ ಹೂಂ ಅಂದದ್ದೂ ಅಣ್ಣ ಜೊತೆಗಿರುತ್ತಾನೆ ಎಂಬ ಒಂದೇ ಧೈರ್ಯಕ್ಕೆ.

ನಿನ್ನೆ ಸಂಜೆ ಇವಳ ಸರದಿ ಬಂದಾಗ ಅಣ್ಣ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, "ಮೆಣಸು, ಗಟ್ಟಿಯಾಗಿ ಹಿಡ್ಕೋ" ಅಂದಿದ್ದ. ಚಿಕ್ಕಂದಿನಿಂದ ಮೂಗಿನ ತುದಿಯಲ್ಲೇ ಸಿಟ್ಟಿದ್ದವಳಿಗೆ ಅವನಿಟ್ಟ ಹೆಸರು. ಇವಳು ಹಿಡಿದಳು. ಅವನು ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ತಿರುವಿದ. ಲಟಕ್ಕೆಂದಿತು. ಗೇರಿನ ಸರಂಜಾಮು ತೂಗಿಕೊಂಡಿರುವ ಬೆರಳುದ್ದದ ಲೋಹದ ತುಂಡು ಎರಡಾಗಿತ್ತು.

"ಮೊದಲೇ ಬಿರುಕು ಬಿಟ್ಟಿತ್ತು ಕಣೆ. ಬದಲಿ ತುಂಡು ವ್ಯಾನಲ್ಲಿಲ್ಲ. ನಾಳೆ ಒಂದಿನ ನನ್ ಜೊತೆ ಬಾ."

ತಂಡದ ಮುಂದಾಳು, ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ಹೆಂಗಸು, ಇದನ್ನು ಕೇಳಿ ಅವನನ್ನು ತರಾಟೆಗೆ ತೆಗೆದುಕೊಂಡಳು. ಅಷ್ಟೂ ಗೊತ್ತಾಗಲ್ವಾ, ಸಾಮಾನು ಎತ್ತಿಟ್ಕೊಳ್ಳೋದಲ್ವಾ ಎಂದು. ಇವಳೇ ನಡುವೆ ಹೋದಳು. "ಬೈಬೇಡಿ ಕ್ಯಾಪ್ಟನ್. ಅವನು ಬೇಕಂತ ಮಾಡಿದ್ದಲ್ಲ." ಆಮೇಲೆ ಗುಡಾರದೊಳಗೆ ಹೋಗಿ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತಳು, ಅಣ್ಣನಿಗೆ ಕೇಳಿಸಿದರೆ ನೊಂದುಕೊಳ್ಳುತ್ತಾನೆ ಎಂದು. ಇಂಥ ತಂಗಿಯರೂ ಇರುತ್ತಾರೆ.

ಇವತ್ತು ನೆತ್ತಿ ತಲುಪಿದಾಗ ಎಲ್ಲರೂ ಮೋಟುಗೋಡೆಗೆ ಸೈಕಲ್ ಒರಗಿಸಿ ಬ್ರೆಡ್ಡಿಗೆ ಕೈಹಾಕಿದರು. ಉದ್ದ ಕಾಲಿನ ಕೊಕ್ಕರೆ ಎಂಬ ಹುಡುಗಿಯ ಸೈಕಲ್ಲು ಗಾಳಿಗೆ ಜಾರಿ ಗೇರಿನ ಮಗ್ಗುಲಿಗೇ ಬಿತ್ತು. ಎತ್ತಿ ನೋಡಿದರೆ ಅದೇ ತುಂಡು ಮುರಿದಿದೆ. ಎಲ್ಲರದೂ ಒಂದೇ ಮಾದರಿಯ ಬಾಡಿಗೆ ಸೈಕಲ್ಲು.

ಕೊಕ್ಕರೆ ಅಲ್ಲೇ ಕುಸಿದು ಅಳತೊಡಗಿದಳು. ತಂಗಿ ಅವಳ ಪಕ್ಕ ಕೂತು, "ಬಾರೆ, ವ್ಯಾನಲ್ಲಿ ಜಾಗ ಇದೆ. ಇಬ್ರೂ ಸೇರಿ ಇವರನ್ನೆಲ್ಲ ಬೈಕೊಂಡು ಹೋಗೋಣ" ಅಂದಳು.

ಮುರಿದ ತುಂಡನ್ನು ಅಣ್ಣ ಕೈಗೆತ್ತಿಕೊಂಡ. ಕೊಕ್ಕರೆಯ ಮುಖ ನೋಡಿದ. ವ್ಯಾನಿಗೆ ಹೋಗಿ ಟೂಲ್ ಡಬ್ಬಿಯ ತಳಕ್ಕೆ ಕೈಹಾಕಿ ಒಂದು ಬಟ್ಟೆಯ ಗಂಟು ತೆಗೆದ. ಅದರಲ್ಲಿ ಹೊಚ್ಚಹೊಸ ತುಂಡುಗಳಿದ್ದವು, ಒಂದಲ್ಲ, ನಾಲ್ಕಾರು.

ತಂಗಿ ಆ ಗಂಟನ್ನೇ ನೋಡಿದಳು. ಅವನು ಕೊಕ್ಕರೆಯ ಸೈಕಲ್ ಸರಿಮಾಡಿ ಏಳುವವರೆಗೂ ಕಾದಳು. ಆಮೇಲೆ ವ್ಯಾನಿನ ಮರೆಗೆ ಕರೆದಳು.

"ನಿನ್ನೆ ನೀನೇ ಮುರಿದಿದ್ದಾ?"

ಅಣ್ಣ ಕೈಯ ಜಿಡ್ಡು ಒರೆಸುತ್ತಲೇ ಇದ್ದ. "ಅಮ್ಮ ಫೋನಲ್ಲಿ ಅತ್ತಳು ಕಣೆ. ಈ ಇಳಿಜಾರೊಂದಕ್ಕೆ ಬಿಡಬೇಡ ಅಂದ್ಲು. ನಿಂಗೆ ಹೇಳಿದ್ರೆ ಕೇಳ್ತಿದ್ಯಾ?"

"ಇಲ್ಲ. ಜಗಳ ಆಡ್ತಿದ್ದೆ."

"ಅವತ್ತು ರಸ್ತೆಯಿಂದ ನಿನ್ನ ಎತ್ಕೊಂಡು ಓಡಿದೋನು ನಾನು. ನಿಂಗೆ ಅದು ನೆನಪಿಲ್ಲ. ನಂಗಿದೆ."

"ಅದಕ್ಕೆ ನನ್ನ ಕೈಯಲ್ಲೇ ಹಿಡಿಸಿ ಮುರಿದ್ಯಾ?"

ಪ್ರೀತಿಯಿಂದ ಮಾಡಿದ ದ್ರೋಹಕ್ಕೆ ಉತ್ತರವಾದರೂ ಎಲ್ಲಿರುತ್ತದೆ. ಅಣ್ಣ ಅವಳ ಸೈಕಲ್ಲನ್ನು ವ್ಯಾನಿನಿಂದ ಇಳಿಸಿ, ಹೊಸ ತುಂಡು ಹಾಕಿ, ಚೈನು ಕೂಡಿಸಿ, ಗೇರು ಹೊಂದಿಸಿ, ಎರಡೂ ಬ್ರೇಕು ಅದುಮಿ ನೋಡಿ ಮುಂದೆ ತಂದು ನಿಲ್ಲಿಸಿದ. "ಹೋಗು. ಅಮ್ಮಂಗೆ ನಾನು ಹೇಳ್ಕೋತೀನಿ."

ಎಲ್ಲರೂ ಇಳಿಜಾರಿನ ತಲೆಯಲ್ಲಿ ಸಾಲಾಗಿ ನಿಂತರು. ಇವಳೂ ನಿಂತಳು. ಕೆಳಗೆ ರಸ್ತೆ ತಿರುವು ತಿರುವಾಗಿ ನೀರಿನತ್ತ ಓಡಿತ್ತು. ಬೆರಳು ಮರಗಟ್ಟಬಹುದೇನೋ ಎಂದು ಕಾದಳು, ಮರಗಟ್ಟಲಿಲ್ಲ. ರಸ್ತೆಯ ಭಯ ಹೋಗಿಯೇ ಹೋಗಿತ್ತು. ಆದರೆ ಕಾಲು ಪೆಡಲಿಗೆ ಎಟುಕಿದ ವಯಸ್ಸಿನಿಂದಲೂ ತಾನು ಹತ್ತಿದ ಸೈಕಲ್ಲನ್ನೆಲ್ಲ ಅವನೊಬ್ಬನ ಕೈಗೇ ಬಿಟ್ಟಿದ್ದವಳು ಈಗ ಬಗ್ಗಿ ಸೈಕಲ್ಲಿನತ್ತ ನೋಡಿದಾಗ ಕಾಲು ಪೆಡಲಿನ ಮೇಲೆ ಏರಲೇ ಇಲ್ಲ. ಬ್ರೇಕು ಅದುಮಿದಳು. ಮತ್ತೆ ಅದುಮಿದಳು. ಹಿಡಿಯುತ್ತಿತ್ತು. ಆದರೂ ನಂಬಿಕೆ ಬರಲಿಲ್ಲ.

"ಕ್ಯಾಪ್ಟನ್," ಅಂದಳು, "ನನ್ನ ಸೈಕಲ್ ಒಂದ್ಸಲ ನೀವು ನೋಡ್ತೀರಾ?"

"ಈಗ ತಾನೇ ನಿಮ್ಮಣ್ಣ ನೋಡಿದ್ನಲ್ಲಮ್ಮ."

"ಹೌದು," ಅಂದಳು ಅವಳು, ಹಿಂದೆ ವ್ಯಾನಿನ ಬಾಗಿಲಲ್ಲಿ ನಿಂತವನಿಗೂ ಕೇಳಿಸುವಷ್ಟು ಸ್ಪಷ್ಟವಾಗಿ. "ಅದಕ್ಕೇ ಕೇಳಿದ್ದು."