ಲೈನಲ್ಲೇ ಇರಿ

ಆ ಊರಿಗೆ ಹೋಗುವ ಮಾತು ಬಂದಾಗಲೆಲ್ಲ ಆಕೆಗೆ ಮಂಡಿ ನೋವು ಶುರುವಾಗುತ್ತಿತ್ತು. ಗಂಡ ಭೂಗೋಳದ ಮೇಷ್ಟ್ರು. ನಿವೃತ್ತಿಯಾದ ಮೇಲೆ, ಬಸ್ಸಿನಲ್ಲಿ ಒಂದು ದಿನದೊಳಗೆ ತಲುಪಬಹುದಾದ ಊರುಗಳನ್ನೆಲ್ಲ ನೋಡಿ ಮುಗಿಸುವ ಹುಚ್ಚು ಅವರಿಗೆ ಹತ್ತಿತ್ತು. ನಕ್ಷೆಯಲ್ಲಿ ನೋಡಿದ ಊರಿಗೆಲ್ಲ ಕೆಂಪು ಗುರುತು ಬಿದ್ದು, ಹೊಳೆಯ ತಿರುವಿನಲ್ಲಿದ್ದ ಇದೊಂದೇ ಊರು ಖಾಲಿ ಉಳಿದಿತ್ತು. ನಿನ್ನ ಮಂಡಿಗೂ ಈ ಊರಿಗೂ ಏನು ವೈರ ಎಂದು ಅವರು ನಕ್ಕರು. ಆಕೆ ನಗಲಿಲ್ಲ. ಇನ್ನೊಂದು ಸಲ ಬೇಡವೆಂದರೆ ಕಾರಣ ಹೇಳಬೇಕಾಗುತ್ತದೆ ಎಂದು ಹೆದರಿ ಹೊರಟಳು.

ಊರು ಚಿಕ್ಕದು, ಅಚ್ಚುಕಟ್ಟು. ಲಾಡ್ಜಿನವರು ಕೊಟ್ಟ ಚೀಟಿಯಲ್ಲಿ ನೋಡಬೇಕಾದ ಜಾಗಗಳ ಪಟ್ಟಿಯಿತ್ತು. ಮೊದಲ ದಿನ ಬೆಳಗ್ಗೆ ಗಡಿಯಾರದ ಗೋಪುರ ಹತ್ತಿದರು. ಮೇಷ್ಟ್ರು ಮೆಟ್ಟಿಲು ಎಣಿಸುತ್ತ ಹೋಗಿ ಮಧ್ಯದಲ್ಲಿ ಲೆಕ್ಕ ತಪ್ಪಿ, ಮತ್ತೆ ಕೆಳಗಿಳಿದು ಮೊದಲಿಂದ ಹತ್ತಿದರು. ಆಮೇಲೆ ಕಬ್ಬಿಣದ ಸೇತುವೆ. ಅದರ ಕಂಬಗಳ ಮೇಲೆ ನೀಲಿ ಬಣ್ಣದ ಗೆರೆ ಎಳೆದಿದ್ದರು. ಪಕ್ಕದ ಪೇಟೆ ಬೀದಿಯಲ್ಲೂ ಕಂಡ ಕಂಡ ಹಳೆಯ ಗೋಡೆಯ ಮೇಲೆ ಅದೇ ಗೆರೆ. ಕ್ಷೌರದ ಅಂಗಡಿಯ ಬಾಗಿಲಿಗೆ, ಬೇಕರಿಯ ಕಿಟಕಿಯ ಮೇಲೆ, ಎಲ್ಲೂ ಆಳೆತ್ತರಕ್ಕಿಂತ ಮೇಲೆ. ಅದೇನೆಂದು ಮೇಷ್ಟ್ರು ಬೇಕರಿಯವನನ್ನು ವಿಚಾರಿಸಿದರು. ಮೂವತ್ತನಾಲ್ಕು ವರ್ಷದ ಹಿಂದೆ ನೆರೆ ಬಂದಾಗ ನೀರು ಅಲ್ಲಿಯವರೆಗೆ ನಿಂತಿತ್ತು ಎಂದು ಅವನು ಬನ್ನು ಕಟ್ಟುತ್ತಲೇ ಹೇಳಿದ. ಆಕೆಗೆ ಅದನ್ನು ಕೇಳಬೇಕಾಗಿರಲಿಲ್ಲ. ಆ ದಿನದ ತಾರೀಕು, ವಾರ, ಗಳಿಗೆ ಎಲ್ಲ ಆಕೆಗೆ ಬಾಯಿಪಾಠವಿತ್ತು.

ಆಗ ಆಕೆಗೆ ಇಪ್ಪತ್ತೇಳು. ಸಿಟಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಈ ಊರಿನಿಂದ ಹೊರಗೆ ಎಲ್ಲಿಗೆ ಫೋನು ಮಾಡಬೇಕಾದರೂ ಆಕೆಯ ಸ್ವಿಚ್‌ಬೋರ್ಡಿನ ಮೂಲಕ, ಆಕೆ ಪ್ಲಗ್ ಚುಚ್ಚಿ ಲೈನು ಕೂಡಿಸಿದರೇ ಹೋಗಬೇಕಿತ್ತು. ಈ ಊರಿನ ಆಪರೇಟರ್ ಕೂಡ ಆಕೆಯ ವಾರಿಗೆಯ ಹುಡುಗಿ. ನಾಲ್ಕು ವರ್ಷ ದಿನವೂ ಮಾತಾಡಿದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆ ಮಧ್ಯಾಹ್ನ ಆ ಹುಡುಗಿ ಅಣೆಕಟ್ಟಿನ ಆಫೀಸು ಬೇಕೆಂದು ಕೇಳಿದಳು. ಹೊಳೆ ಏರುತ್ತಿದೆ, ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆಂದು ತಿಳಿದರೆ ಊರಿಗೆ ಹೇಳಬಹುದು ಎಂದಳು. ಅಣೆಕಟ್ಟಿನ ನಂಬರು ಎಂಗೇಜು. ‘ಲೈನಲ್ಲೇ ಇರಿ, ಕೊಡಿಸ್ತೀನಿ’ ಎಂದು ಈಕೆ ಹೇಳಿದಳು. ಅಷ್ಟರಲ್ಲಿ ಸೂಪರ್‌ವೈಸರ್ ಹಿಂದೆ ಬಂದು ನಿಂತು, ಯಾವುದೋ ದೊಡ್ಡ ಮನುಷ್ಯರ ಕಾಲ್ ಇದೆ, ಒಂದು ವೈರು ಖಾಲಿ ಮಾಡು ಎಂದರು. ಈಕೆ ಕೈಗೆ ಸಿಕ್ಕ ಪ್ಲಗ್ ಕಿತ್ತಳು. ಅದು ಈ ಊರಿನದು. ಇಪ್ಪತ್ತು ನಿಮಿಷದ ಮೇಲೆ, ಮೂರು ನಲವತ್ತಕ್ಕೆ, ಮತ್ತೆ ಚುಚ್ಚಿ ಕರೆದಳು. ಇದ್ದೀರಾ, ಇದ್ದೀರಾ ಎಂದು ಕೇಳಿದಳು. ಯಾರೂ ಇರಲಿಲ್ಲ.

ಆ ಹುಡುಗಿ ಆಫೀಸಿನೊಳಗೇ ನೀರುಪಾಲಾಗಿದ್ದಳು. ಆಮೇಲೆ ವಿಚಾರಣೆ ನಡೆಯಿತು. ಲೈನು ತಾನಾಗಿಯೇ ಕಡಿದುಹೋಯಿತು ಎಂದು ಆಕೆ ಬರೆದುಕೊಟ್ಟಳು. ನೆರೆಯಲ್ಲಿ ಕಂಬಗಳೂ ಉರುಳಿದ್ದವು, ಎಲ್ಲರೂ ನಂಬಿದರು. ಗಂಡನಿಗೂ ಆಕೆ ನಿಜ ಹೇಳಿರಲಿಲ್ಲ.

ಪಟ್ಟಿಯಲ್ಲಿ ಮಧ್ಯಾಹ್ನಕ್ಕೆ ಇದ್ದದ್ದು ಮ್ಯೂಸಿಯಂ. ಹೊಳೆಯ ದಂಡೆಯ ಹಳೆಯ ಟೆಲಿಫೋನ್ ಆಫೀಸನ್ನೇ ಮ್ಯೂಸಿಯಂ ಮಾಡಿದ್ದಾರೆಂದು ಬಾಗಿಲಿಗೆ ಬರುವವರೆಗೆ ಆಕೆಗೆ ಗೊತ್ತಿರಲಿಲ್ಲ. ಹೊರಗೆ ಬೋರ್ಡು ಓದುತ್ತ ನಿಂತ ಗಂಡನನ್ನು ಬಿಟ್ಟು, ಒಳಗೆ ನಡೆದಳು. ಮೇಜಿನ ಹಿಂದೆ ಐವತ್ತು ದಾಟಿದ ಹೆಂಗಸೊಬ್ಬಳು, ಅಲ್ಲಿಯ ಮೇಲ್ವಿಚಾರಕಿ, ತಲೆ ತಗ್ಗಿಸಿ ಗಾಜಿನ ಮುಚ್ಚಳವೊಂದನ್ನು ಒರೆಸುತ್ತಿದ್ದಳು. ಒಳಗೆ ಕೂರಲು ಬೆಂಚು ಇದೆಯಾ ಎಂದು ಆಕೆ ಕೇಳಿದಳು.

ಒರೆಸುತ್ತಿದ್ದ ಕೈ ನಿಂತಿತು. ಹೆಂಗಸು ತಲೆ ಎತ್ತಲಿಲ್ಲ.

“ಇನ್ನೊಂದ್ಸಲ ಮಾತಾಡಿ ಮೇಡಂ.”

“ಏನ್ ಮಾತಾಡ್ಲಿ?”

“‘ಇದ್ದೀರಾ’ ಅನ್ನಿ.”

ಆಕೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಮೇಲ್ವಿಚಾರಕಿ ಎದ್ದು ಬಂದು, ಆಕೆಯ ಮೊಣಕೈ ಹಿಡಿದು ಒಳಕೋಣೆಗೆ ಕರೆದೊಯ್ದಳು. ಗೋಡೆಗೆ ಒರಗಿಸಿದ ಹಳೆಯ ಬೋರ್ಡು, ಸಾಲು ಸಾಲು ತೂತು, ಪ್ರತಿ ತೂತಿನ ಮೇಲೂ ಬೆರಳುಗುರಿನಷ್ಟು ಹಿತ್ತಾಳೆಯ ಮುಚ್ಚಳ. ಯಾರಾದರೂ ಕರೆದರೆ ಅವರ ನಂಬರಿನ ಮುಚ್ಚಳ ತಟ್ಟನೆ ಕೆಳಗೆ ಬೀಳಬೇಕು. ಬೋರ್ಡಿನ ಹಿಂದೆ ಈಗ ಒಂದು ತಂತಿಯೂ ಇರಲಿಲ್ಲ. ಪಕ್ಕದಲ್ಲಿ ಒಂದು ಫೋಟೋ: ದುಂಡು ಮುಖ, ಹೆಡ್‌ಫೋನಿನ ಕೆಳಗೆ ಸಿಕ್ಕಿಕೊಂಡ ಜಡೆ.

“ನಮ್ಮಕ್ಕ,” ಎಂದಳು ಮೇಲ್ವಿಚಾರಕಿ. “ನಾನಿಲ್ಲಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ದಿನಾ ಮೂರು ನಲವತ್ತಕ್ಕೆ ‘ಸಿಟಿ’ ಅಂತ ಬರೆದಿರೋ ಆ ಮುಚ್ಚಳ ಬೀಳತ್ತೆ. ಹೆಡ್‌ಫೋನ್ ಕಿವಿಗಿಟ್ಕೊಂಡ್ರೆ ಒಬ್ಬಳು ಹೆಂಗಸು ‘ಇದ್ದೀರಾ, ಇದ್ದೀರಾ’ ಅಂತಾಳೆ. ಯಾರಮ್ಮ ನೀನು ಅಂದ್ರೆ ಉತ್ತರ ಇಲ್ಲ. ಯಾವಳೋ ಸತ್ತವಳು ಅಂದ್ಕೊಂಡಿದ್ದೆ. ನೀವು ಬದುಕಿದ್ದೀರಿ.”

ಆಕೆ ಬೆಂಚಿನ ಮೇಲೆ ಕೂತಳು. ಹೊರಗಿನಿಂದ ಗಂಡ ಬಂದು ಬಾಗಿಲಲ್ಲಿ ನಿಂತಿದ್ದೂ ಕಾಣದೆ, ಮೂವತ್ತನಾಲ್ಕು ವರ್ಷ ನುಂಗಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಪ್ಲಗ್ ಕಿತ್ತ ಕೈ ತನ್ನದೇ ಎಂದಳು. ಬರೆದುಕೊಟ್ಟದ್ದು ಸುಳ್ಳು ಎಂದಳು.

ಮೇಲ್ವಿಚಾರಕಿ ಅಳಲಿಲ್ಲ, ಬೈಯಲೂ ಇಲ್ಲ. ಕಿಟಕಿಯ ಕಡೆ ತಿರುಗಿ ನಿಂತು, ಆ ದಿನದ ತಮ್ಮ ಮನೆಯ ಕಥೆ ಹೇಳಿದಳು. ಆಗ ಅವಳಿಗೆ ಹತ್ತೊಂಬತ್ತು. ಸಿಟಿಯ ಲೈನಿಗೆ ಕಾಯುತ್ತಲೇ ಅಕ್ಕ ಊರಿನ ಒಂದೊಂದು ಮನೆಗೂ ಫೋನು ಮಾಡಿ ಮೇಲಕ್ಕೆ ಹೋಗಿ ಎಂದು ಹೇಳಿದ್ದಳು. ಫೋನಿಲ್ಲದ ಮನೆಗಳಿಗೆ ಪಕ್ಕದವರಿಂದ ಹೇಳಿಸಿದ್ದಳು. ಎಲ್ಲಕ್ಕಿಂತ ಕೊನೆಗೆ ಸ್ವಂತ ಮನೆಗೆ ಮಾಡಿದ್ದಳು.

“‘ಅಮ್ಮನ್ನ ಕರ್ಕೊಂಡು ಗುಡ್ಡ ಹತ್ತು’ ಅಂದ್ಲು. ನೀನು ಬಾ ಅಂದೆ. ‘ಸಿಟಿಯವಳು ಲೈನಲ್ಲೇ ಇರು ಅಂದಿದ್ದಾಳೆ, ಕೇಳ್ಕೊಂಡು ಬಂದ್ಬಿಡ್ತೀನಿ’ ಅಂದ್ಲು.”

ಅಷ್ಟರಲ್ಲಿ ಬೋರ್ಡಿನಲ್ಲಿ ಸಣ್ಣಗೆ ಟಕ್ ಎಂದಿತು. ಮುಚ್ಚಳ ಬಿದ್ದಿತ್ತು.

ಮೇಲ್ವಿಚಾರಕಿ ಹೆಡ್‌ಫೋನ್ ತೆಗೆದು ಆಕೆಯ ಕೈಗೆ ಕೊಟ್ಟಳು. ಅದು ಮಂಜಿನಷ್ಟು ತಣ್ಣಗಿತ್ತು. ಆಕೆಯ ಬೆರಳಿಗೆ ಪ್ಲಗ್ ಚುಚ್ಚುವ ಅಭ್ಯಾಸ ಮರೆತಿರಲಿಲ್ಲ. ಮೊದಲು ತಗಡಿನ ಮೇಲೆ ಮರಳು ಸುರಿದಂಥ ಸದ್ದು. ಆಮೇಲೆ ಇಪ್ಪತ್ತೇಳರ ತನ್ನದೇ ಧ್ವನಿ. ಆತುರ, ಭಯ, ಹಿಂದೆ ನಿಂತ ಸೂಪರ್‌ವೈಸರಿಗೆ ಕೇಳಿಸದ ಹಾಗೆ ತಗ್ಗಿಸಿದ್ದು.

“ಹಲೋ, ಲೈನಲ್ಲಿ ಇದ್ದೀರಾ? ಇದ್ದೀರಾ?”

ಹೆಸರು ಹೇಳಿ ಗದರಿಸಬೇಕೆನ್ನಿಸಿತು. ಸಮಾಧಾನ ಹೇಳಬೇಕೆಂದೂ ಅನ್ನಿಸಿತು. ಎರಡೂ ಆಗಲಿಲ್ಲ.

“ಇಲ್ಲಮ್ಮ,” ಎಂದಳು ಆಕೆ. “ನೀನು ‘ಲೈನಲ್ಲೇ ಇರಿ’ ಅಂದೆ, ಅದಕ್ಕೇ ಅವಳು ಇದ್ದಳು. ಈಗಿಲ್ಲ. ನೀನೇ ಪ್ಲಗ್ ಕಿತ್ತಿದ್ದು ಅಂತ ವಿಚಾರಣೆಯವರಿಗೆ ಹೇಳು. ಇನ್ನು ಕರೀಬೇಡ.”

ಆ ಕಡೆ ಉಸಿರು ಹಿಡಿದಂತಾಯಿತು. ಸದ್ದು ನಿಂತಿತು.

ಲಾಡ್ಜಿಗೆ ನಡೆದು ಬರುವಾಗ ಮೇಷ್ಟ್ರು ದಾರಿಯ ಒಂದು ಬೋರ್ಡನ್ನೂ ಓದಲಿಲ್ಲ. ಬೇಕರಿ ದಾಟಿದ ಮೇಲೆ, ನನಗಾದರೂ ಹೇಳಬಹುದಿತ್ತಲ್ಲ ಎಂದರು. ಹೇಳಬಹುದಿತ್ತು ಎಂದಳು ಆಕೆ. ರಸ್ತೆ ದಾಟುವಾಗ ಅವರು ಎಂದಿನಂತೆ ಕೈ ಹಿಡಿಯಲಿಲ್ಲ. ಆಕೆಗೆ ಅದು ಚುಚ್ಚಿತು, ಸರಿಯೆಂದೂ ತೋರಿತು.

ಮರುದಿನ ಮೇಷ್ಟ್ರು ಒಬ್ಬರೇ ಪಟ್ಟಿಯಲ್ಲಿದ್ದ ಕೆರೆಯ ದೋಣಿ ವಿಹಾರಕ್ಕೆ ಹೋದರು. ಆಕೆ ಬೆಳಗ್ಗೆಯೇ ಮ್ಯೂಸಿಯಂಗೆ ಬಂದು, ಒಂದು ಹಾಳೆಯ ಮೇಲೆ ನಡೆದದ್ದನ್ನು ನಡೆದ ಹಾಗೆ ಬರೆದು ಕೆಳಗೆ ಸಹಿ ಹಾಕಿದಳು. ಗೋಡೆಯ ಮೇಲೆ ‘ನೆರೆಯಿಂದ ಲೈನ್ ಕಡಿದುಹೋಗಿ’ ಎಂದಿದ್ದ ಬರಹವನ್ನು ಮೇಲ್ವಿಚಾರಕಿ ಇಳಿಸಿ, ಆ ಜಾಗದಲ್ಲಿ ಈ ಹಾಳೆಯನ್ನು ಅಂಟಿಸಿದಳು. ಇದನ್ನು ಓದಿದವರೆಲ್ಲ ನಿಮ್ಮನ್ನು ಬೈತಾರೆ ಎಂದಳು. ಬೈಯಲಿ ಎಂದಳು ಆಕೆ.

ಮೂರು ನಲವತ್ತಕ್ಕೆ ಮುಚ್ಚಳ ಬಿತ್ತು. ಆಕೆ ಕಿವಿಗಿಟ್ಟುಕೊಂಡಳು. ಮರಳು ಸುರಿಯುವ ಸದ್ದು, ಅಷ್ಟೇ. ಮೇಲ್ವಿಚಾರಕಿ ತಾನೂ ಇಸಿದುಕೊಂಡು ಕೇಳಿದಳು. ಇಷ್ಟು ವರ್ಷ ಆ ಧ್ವನಿ ಬಂದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು, ಈಗ ಬರಿದಾಗಿರುವುದೇ ಹೆಚ್ಚು ಹೆದರಿಕೆ ಎಂದಳು. ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ಹನ್ನೊಂದು ವರ್ಷ ನಿಮ್ಮ ಧ್ವನೀನೇ ಕೇಳಿದೆ. ಅವಳದ್ದು ಒಂದು ದಿನಾನೂ ಬರ್ಲಿಲ್ಲ. ಮುಖ ಇದೆ, ಫೋಟೋದಲ್ಲಿ. ಧ್ವನಿ ಹೇಗಿತ್ತೋ, ಮರೆತೇಹೋಯ್ತು.” ಆಕೆಯ ಕಡೆ ತಿರುಗಿ ಕೇಳಿದಳು: “ನಿಮಗೆ ನೆನಪಿದ್ಯಾ ಅಕ್ಕ?”

ನೆನಪಿತ್ತು. ಸದಾ ನೆಗಡಿಯಾದಂಥ ಧ್ವನಿ. ಮಾತಿಗೆ ಮುಂಚೆ ಒಂದು ಸಣ್ಣ ನಗು, ಮಾತಿನ ಕೊನೆ ಸ್ವಲ್ಪ ಎಳೆತ. ಆಕೆ ಕಣ್ಣು ಮುಚ್ಚಿಕೊಂಡು ಗಂಟಲು ಸರಿಮಾಡಿಕೊಂಡಳು.

“ಏನ್ರೀ ಸಿಟಿ, ಊಟ ಆಯ್ತಾ? ನಂದಿನ್ನೂ ಇಲ್ಲಪ್ಪ.”

ಕಣ್ಣು ತೆರೆದಾಗ ಮೇಲ್ವಿಚಾರಕಿ ಆಕೆಯನ್ನು ನೋಡುತ್ತಿರಲಿಲ್ಲ. ಬಾಗಿಲ ಕಡೆ, ಖಾಲಿ ಬಾಗಿಲ ಕಡೆ ನೋಡುತ್ತಿದ್ದಳು, ಯಾರೋ ಆಗಷ್ಟೇ ಒಳಗೆ ಬಂದವರನ್ನು ನೋಡುವ ಹಾಗೆ.

“ಇನ್ನೂ ಸ್ವಲ್ಪ ಹೇಳಿ,” ಎಂದಳು. “ನಿಲ್ಲಿಸಬೇಡಿ.”

ಆಕೆ ನಿಲ್ಲಿಸಲಿಲ್ಲ. ದೋಣಿಯಿಂದ ವಾಪಸಾದ ಮೇಷ್ಟ್ರು ಬಾಗಿಲಿಗೆ ಬಂದಾಗ, ಒಳಗೆ ಮೂವರು ಹೆಂಗಸರು ಹರಟುತ್ತಿದ್ದಾರೆಂದುಕೊಂಡು ಹೊರಗೇ ಕೂತರು.